ಭಾರತದ ತ್ರಿಕೋಣಮಾಪನವೂ ಹಳೆಯ ಅಂಕೆಗಳ ಪರಿವರ್ತನೆಯೂ

ಬೆಂಗಳೂರಿನ ಸುತ್ತಣ ಯಾವುದಾದರೊಂದು ಗುಡ್ಡದ ನೆತ್ತಿಗೆ ಹಳೆಯ ಸರ್ವೆ ಗ್ರಂಥಗಳು ಕೊಟ್ಟಿರುವ ಅಕ್ಷಾಂಶ ರೇಖಾಂಶಗಳನ್ನು ಹಿಡಿದು, ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ತಿಳಿಸುವ ಇಂದಿನ ಯಂತ್ರವು ತೋರಿದೆಡೆಗೆ ನಡೆದು ಹೋದರೆ, ಸೇರುವುದು ಆ ನೆತ್ತಿಯನ್ನಲ್ಲ. ಅಲ್ಲಿಂದ ಸುಮಾರು ೨೦೦ ಮೀಟರು ದೂರದ ಇನ್ನೊಂದು ಜಾಗವನ್ನು. ಗ್ರಂಥವು ಸುಳ್ಳೆಂದಾಗಲಿ ಯಂತ್ರವು ಕೆಟ್ಟಿದೆಯೆಂದಾಗಲಿ ಹೇಳುವಂತಿಲ್ಲ. ಪಂಚಾಂಗವನ್ನು ಬಲ್ಲ ಮನೆಗಳಿಗೆ ಇದು ತೀರ ಹೊಸ ಮಾತೂ ಅಲ್ಲ. ಗ್ರಹವು ಆಕಾಶದಲ್ಲಿ ಒಂದೇ ಕಡೆ ಇದ್ದರೂ ಸಾಯನ ಗಣನೆಯಲ್ಲಿ ಅದರ ಸ್ಫುಟ ಒಂದು, ನಿರಯನದಲ್ಲಿ ಮತ್ತೊಂದು. ಅಂಕೆಯು ಗ್ರಹದ ಗುಣವಲ್ಲ, ಎಣಿಕೆಯ ಮೊದಲನ್ನು ಎಲ್ಲಿಟ್ಟರೆಂಬುದರ ಫಲ. ಆದರೆ ಅಲ್ಲಿ ಅಯನಾಂಶವನ್ನು ಕಳೆದರೆ ಒಂದು ಇನ್ನೊಂದಾಗುತ್ತದೆ. ಭೂಮಾಪನದಲ್ಲಿ ಅಷ್ಟು ಸುಲಭವಾದ ವ್ಯವಕಲನವಿಲ್ಲ. ಏಕಿಲ್ಲವೆಂಬುದಕ್ಕೆ ಉತ್ತರವು ಗಣಿತಕ್ಕಿಂತ ಹೆಚ್ಚಾಗಿ ಚರಿತ್ರೆಯಲ್ಲಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು, ದಕ್ಷಿಣ ಭಾರತವನ್ನು ಕಡಲಿನಿಂದ ಕಡಲಿಗೆ ತ್ರಿಕೋಣಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. ೧೮೦೦ರಲ್ಲಿ ಬೆಂಗಳೂರಿನ ಬಳಿ ಮೊದಲನೆಯ ಆಧಾರರೇಖೆಯನ್ನು ಅಳೆದುದಾಯಿತು. ೧೮೦೨ರಲ್ಲಿ ಮದ್ರಾಸಿನ ಪರಂಗಿಮಲೆಯ ಹತ್ತಿರ ಇನ್ನೊಂದು. ಅಲ್ಲಿಂದ ತ್ರಿಕೋಣದ ಮೇಲೆ ತ್ರಿಕೋಣವನ್ನು ಹೆಣೆಯುತ್ತ ಮೈಸೂರು ಸೀಮೆಗೆ ಬಂದು, ೧೮೦೪ರಲ್ಲಿ ಬೆಂಗಳೂರಿನ ಬಳಿ ಪುನಃ ಒಂದು ರೇಖೆಯನ್ನು ಸರಪಣಿಯಿಂದ ಅಳೆದು ನೋಡಿದಾಗ, ಲೆಕ್ಕದ ಉದ್ದಕ್ಕೂ ಅಳತೆಯ ಉದ್ದಕ್ಕೂ ನಾಲ್ಕು ಅಂಗುಲದಷ್ಟೂ ವ್ಯತ್ಯಾಸ ಬರಲಿಲ್ಲ. ರೇಖೆಯ ಉದ್ದವಾದರೋ ಏಳು ಮೈಲಿ! ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ೧೮೦೮ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಎಳೆಯುತ್ತಿದ್ದಾಗ ಹಗ್ಗ ಹರಿದು ಅದು ಗೋಡೆಗೆ ಬಡಿದು ಸೊಟ್ಟಗಾಯಿತು. ಲ್ಯಾಂಬ್ಟನ್ನನು ವಾರಗಟ್ಟಲೆ ಕುಳಿತು ತನ್ನ ಕೈಯಿಂದಲೇ ಅದನ್ನು ತಿದ್ದಿಕೊಂಡನು. ಇಂತಹ ಜನರ ಕೆಲಸವನ್ನು ಅಜಾಗರೂಕತೆಯೆಂದು ದೂರುವುದು ಅನ್ಯಾಯ. ತೊಡಕು ಬೇರೆ ಕಡೆಯಲ್ಲಿತ್ತು.

ತ್ರಿಕೋಣಗಳಿಂದ ದೊರೆಯುವುದು ದೂರ ಮತ್ತು ಕೋನ ಮಾತ್ರ. ಅವನ್ನು ಅಕ್ಷಾಂಶ ರೇಖಾಂಶಗಳಾಗಿ ಬರೆಯಬೇಕಾದರೆ ಭೂಮಿಗೆ ಒಂದು ಆಕಾರವನ್ನೂ, ಎಣಿಕೆಗೆ ಒಂದು ಮೂಲಸ್ಥಾನವನ್ನೂ ಒಪ್ಪಿಕೊಳ್ಳಬೇಕು. ಇವೆರಡೂ ಕೂಡಿದುದನ್ನು ಭೂಮಾಪಕರು ಡೇಟಮ್ ಎನ್ನುತ್ತಾರೆ, ಆಧಾರಮಾನವೆಂದು ಕರೆಯಬಹುದು. ಲ್ಯಾಂಬ್ಟನ್ನನ ನಂತರ ಬಂದ ಜಾರ್ಜ್ ಎವರೆಸ್ಟನು ೧೮೩೦ರಲ್ಲಿ, ಧ್ರುವಗಳಲ್ಲಿ ಚಪ್ಪಟೆಯಾದ ಒಂದು ಗೋಲದ ಪ್ರಮಾಣಗಳನ್ನು ಗೊತ್ತುಮಾಡಿದನು. ಮೂಲಸ್ಥಾನವು ಮಧ್ಯಪ್ರದೇಶದ ಸಿರೋಂಜಿನ ಬಳಿಯ ಕಲ್ಯಾಣಪುರವೆಂದು ನಿಂತಿತು. ಎವರೆಸ್ಟನ ಗೋಲದ ವ್ಯಾಸಾರ್ಧವು ಇಂದಿನ ಉಪಗ್ರಹ ಗಣನೆಯಾದ ಡಬ್ಲ್ಯು.ಜಿ.ಎಸ್. ೮೪ರ ಗೋಲಕ್ಕಿಂತ ಸುಮಾರು ೮೫೦ ಮೀಟರು ಚಿಕ್ಕದು. ಅದು ಭಾರತದ ನೆಲಕ್ಕೆ ಚೆನ್ನಾಗಿ ಒಪ್ಪುವಂತೆ ಹೊಲಿದ ಅಂಗಿ; ಭೂಮಂಡಲಕ್ಕೆ ತೊಡಿಸಲು ಬಾರದು.

ಮೂಲಸ್ಥಾನದಲ್ಲಿ ಅಕ್ಷಾಂಶವನ್ನು ನಕ್ಷತ್ರಗಳಿಂದ ತಿಳಿಯುತ್ತಿದ್ದರು. ನಕ್ಷತ್ರವನ್ನು ಅಳೆಯುವಾಗ ನೇರ ಕೆಳಗು ಯಾವುದೆಂದು ಹೇಳುವುದು ತೂಗುಗುಂಡು. ಆ ಗುಂಡು ಸತ್ಯವನ್ನೇ ಹೇಳುತ್ತದೆಯೇ? ಒಂದು ಅಂಶದ ಅರುವತ್ತನೆಯ ಪಾಲು ಕಲೆ, ಕಲೆಯ ಅರುವತ್ತನೆಯ ಪಾಲು ವಿಕಲೆ. ನೆಲದ ಮೇಲೆ ಅಕ್ಷಾಂಶದ ಒಂದು ವಿಕಲೆಯೆಂದರೆ ಸುಮಾರು ೧೦೦ ಅಡಿ. ಕಲ್ಯಾಣಪುರಕ್ಕೂ ಹಿಮಾಲಯದ ಕಡೆಗಿರುವ ಕಲಿಯಾನಾಕ್ಕೂ ನಡುವಣ ಅಂತರವನ್ನು ನಕ್ಷತ್ರಗಳಿಂದ ಒಮ್ಮೆ, ತ್ರಿಕೋಣಗಳಿಂದ ಒಮ್ಮೆ ಕಂಡುಹಿಡಿದಾಗ ೫.೨೩೬ ವಿಕಲೆಗಳ ವ್ಯತ್ಯಾಸ ಬಂದಿತು, ಅಂದರೆ ೫೦೦ ಅಡಿಗೂ ಹೆಚ್ಚು. ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ೧೮೫೫ರಲ್ಲಿ ಇದಕ್ಕೆ ಹಿಮಾಲಯದ ಆಕರ್ಷಣವೇ ಕಾರಣವೆಂದು ತರ್ಕಿಸಿ ಗಣಿಸಿದರೆ, ಉತ್ತರವು ೧೫ ವಿಕಲೆಗಳನ್ನು ಮೀರಿತು! ಪರ್ವತವು ಎಳೆಯಬೇಕಾದಷ್ಟು ಎಳೆಯುತ್ತಿಲ್ಲವೆಂದಾಯಿತು. ಪರ್ವತಗಳ ಬುಡದಲ್ಲಿ ಹಗುರವಾದ ಪದಾರ್ಥವಿದೆಯೆಂಬ ಭೂಶಾಸ್ತ್ರದ ಸಿದ್ಧಾಂತವು ಹುಟ್ಟಿದ್ದು ಈ ಲೆಕ್ಕದ ಜಗಳದಿಂದಲೇ. ಭೂಮಾಪಕನಿಗೆ ಮಾತ್ರ ಅದರಿಂದ ನೆಮ್ಮದಿ ಬರಲಿಲ್ಲ. ಊರೂರಿನಲ್ಲೂ ಗುಂಡು ಬೇರೆ ಬೇರೆಯಾಗಿ ವಾಲುತ್ತದೆಯೆಂಬುದು ಖಚಿತವಾಯಿತು.

ಇನ್ನೊಂದು ಸಂಗತಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೇಶದ ತ್ರಿಕೋಣಗಳನ್ನೆಲ್ಲ ಒಂದಕ್ಕೊಂದು ಹೊಂದಿಸಬೇಕಾಗಿ ಬಂದಾಗ, ಅಷ್ಟು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು ಮನುಷ್ಯರ ಕೈಯಲ್ಲಿ ಆಗುವಂತಿರಲಿಲ್ಲ. ಆದುದರಿಂದ ದೇಶವನ್ನು ನಾಲ್ಕು ಚತುರ್ಭುಜಗಳೂ ದಕ್ಷಿಣದ ಒಂದು ತ್ರಿಭುಜವೂ ಆಗಿ ವಿಭಾಗಿಸಿ ಒಂದಾದ ಮೇಲೊಂದರಂತೆ ಹೊಂದಿಸಿದರು. ಮೊದಲು ಮುಗಿದುದರ ಅಂಚನ್ನು ಕದಲಿಸದೆ ಮುಂದಿನದನ್ನು ಅದಕ್ಕೆ ಒತ್ತಿ ಕೂಡಿಸಿದುದರಿಂದ, ಉಳಿದ ತಪ್ಪೆಲ್ಲ ಮುಂದಿನ ಭಾಗಕ್ಕೆ ಸರಿಯಿತು. ಕನ್ನಡನಾಡಿನ ಬಹುಭಾಗವು ಆ ದಕ್ಷಿಣದ ತ್ರಿಭುಜದಲ್ಲಿದೆ.

ಮದ್ರಾಸಿನ ವೇಧಶಾಲೆಯ ರೇಖಾಂಶವನ್ನು ಮೊದಲು ೮೦ ಅಂಶ ೧೭ ಕಲೆ ೨೧ ವಿಕಲೆಯೆಂದು ಇಟ್ಟುಕೊಂಡಿದ್ದರು. ತಂತಿಯ ಮೂಲಕ ಕಾಲವನ್ನು ಹೋಲಿಸಿದ ಮೇಲೆ ಅದು ಸುಮಾರು ಎರಡೂವರೆ ಕಲೆ ಹೆಚ್ಚೆಂದು ತಿಳಿಯಿತು. ನೆಲದ ಮೇಲೆ ಇದು ನಾಲ್ಕೂವರೆ ಕಿಲೋಮೀಟರು. ಆದರೂ ಇದು ನಿರುಪದ್ರವಿ. ಎಲ್ಲೆಡೆಯೂ ಒಂದೇ ಸಮನಾದ ತಪ್ಪಾದುದರಿಂದ, ಅಯನಾಂಶದಂತೆ ಕಳೆದರೆ ತೀರಿತು. ಪೀಡಿಸುವುದು ಚಿಕ್ಕ ತಪ್ಪು: ಒಂದು ಬೆಟ್ಟದಲ್ಲಿ ಐದು ಮೀಟರು ಪೂರ್ವಕ್ಕೆ, ಮುಂದಿನದರಲ್ಲಿ ಎಂಟು ಮೀಟರು ಉತ್ತರಕ್ಕೆ ಎಂಬಂತೆ ಹರಡಿಕೊಂಡಿರುವುದು.

ಹಳೆಯ ಅಂಕೆಗಳನ್ನು ಹೊಸದಕ್ಕೆ ತಿರುಗಿಸಲು ರೂಢಿಯಲ್ಲಿರುವ ಕ್ರಮವು ಮೂರು ಸಂಖ್ಯೆಗಳದು. ಎವರೆಸ್ಟನ ಗೋಲದ ಕೇಂದ್ರವನ್ನು ಮೂರು ದಿಕ್ಕುಗಳಲ್ಲಿ ೨೯೫, ೭೩೬, ೨೫೭ ಮೀಟರು ಸರಿಸಿದರೆ ಹೊಸ ಗೋಲದ ಕೇಂದ್ರಕ್ಕೆ ಬರುತ್ತದೆಂದು ಅಮೆರಿಕದ ರಕ್ಷಣಾ ಇಲಾಖೆಯ ನಕ್ಷೆ ಸಂಸ್ಥೆಯು ಪ್ರಕಟಿಸಿತು. ಭಾರತ ನೇಪಾಳಗಳಿಗೆಲ್ಲ ಸೇರಿ ಇದಕ್ಕೆ ಆಧಾರವಾದುವು ಏಳೇ ಠಾಣೆಗಳು. ಅನಿಶ್ಚಯವು ಕ್ರಮವಾಗಿ ೧೨, ೧೦, ೧೫ ಮೀಟರೆಂದು ಅವರೇ ನಮೂದಿಸಿದ್ದಾರೆ. ಇಷ್ಟು ವಿಸ್ತಾರವಾದ ದೇಶದ ನಾನಾ ತೆರನಾದ ಬಾಗುಗಳನ್ನು ಮೂರು ಸಂಖ್ಯೆಗಳು ಹಿಡಿಯಲಾರವು. ಲೆಕ್ಕದ ಯಂತ್ರವು ದಶಮಾಂಶದ ಮುಂದೆ ಎಂಟು ಸ್ಥಾನಗಳನ್ನು ತೋರಿಸಿದ ಮಾತ್ರಕ್ಕೆ ಹತ್ತು ಮೀಟರಿನ ಸಂದೇಹವು ಹೋಗುವುದಿಲ್ಲ. ಅಡಿಯೂ ಮೋಸಮಾಡುತ್ತದೆ. ಎವರೆಸ್ಟನು ತನ್ನ ಗೋಲವನ್ನು ಅಡಿಗಳಲ್ಲಿ ಬರೆದನು. ಒಂದು ಅಡಿಗೆ ೦.೩೦೪೭೯೮೪೧ ಮೀಟರೆಂದು ಹಿಡಿದರೆ ವ್ಯಾಸಾರ್ಧವೊಂದು, ೦.೩೦೪೭೯೯೬ ಎಂದು ಹಿಡಿದರೆ ಅದಕ್ಕಿಂತ ೨೫ ಮೀಟರು ದೊಡ್ಡದು. ಎರಡಕ್ಕೂ ಎವರೆಸ್ಟನ ಹೆಸರೇ ಇದೆ. ಒಂದಕ್ಕೆ ಬದಲು ಇನ್ನೊಂದನ್ನು ಹಾಕಿದವನ ಎತ್ತರದ ಲೆಕ್ಕವು ಅಷ್ಟೂ ಕೆಡುತ್ತದೆ.

ಪಂಡಿತರ ಕೊಠಡಿಯಲ್ಲಿ ಹತ್ತು ಮೀಟರು ಅಲ್ಪವೆನಿಸಬಹುದು. ಜಲಾಶಯದ ಅಂಚಿನ ಜಮೀನಿಗೂ, ಎರಡು ಗ್ರಾಮಗಳ ಗಡಿಗೂ, ಕಾಡಿನ ಎಲ್ಲೆಗೂ ಅದು ಅಲ್ಪವಲ್ಲ. ಒಂದು ಸಂಸಾರದ ತೋಟವೇ ಆ ಅಂತರದಲ್ಲಿ ಅಡಗೀತು. ೨೦೦೫ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕರಿಗೆ ಹೊಸ ಗಣನೆಯ ನಕ್ಷೆಗಳನ್ನೂ ರಕ್ಷಣೆಗೆ ಮೀಸಲಾದ ನಕ್ಷೆಗಳನ್ನೂ ಬೇರೆ ಬೇರೆಯಾಗಿ ಇರಿಸಿತು. ಆದರೆ ಅದಕ್ಕೆ ಹಿಂದೆ ಬರೆದ ಕಡತಗಳಲ್ಲಿರುವುದು ಹಳೆಯ ಅಂಕೆಗಳೇ. ಇದರ ಮೇಲೆ ಭಾರತದ ನೆಲವೇ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರು ಈಶಾನ್ಯಕ್ಕೆ ಸರಿಯುತ್ತಿದೆ. ೨೦೦೦ದಲ್ಲಿ ಉಪಗ್ರಹಗಳಿಂದ ಗೊತ್ತುಮಾಡಿದ ಸ್ಥಾನವು ೨೦೨೫ಕ್ಕೆ ಒಂದು ಮೀಟರಿಗೂ ಹೆಚ್ಚು ಸರಿದಿರುವುದರಿಂದ, ಅಂಕೆಯ ಪಕ್ಕದಲ್ಲಿ ವರ್ಷವನ್ನು ಬರೆಯದಿದ್ದರೆ ಅದು ಅರ್ಧ ಅಂಕೆ.

ತಕ್ಕ ಉಪಾಯವೆಂದರೆ ಹಳೆಯ ಠಾಣೆಯ ಕಲ್ಲುಗಳನ್ನು ಹುಡುಕಿ, ಅವುಗಳ ಮೇಲೆಯೇ ಯಂತ್ರವನ್ನಿಟ್ಟು ಹೊಸ ಅಂಕೆಗಳನ್ನು ಪಡೆದು, ಆ ಸುತ್ತಿನ ಸೀಮೆಗೇ ಪ್ರತ್ಯೇಕ ಸಂಖ್ಯೆಗಳನ್ನು ಕಟ್ಟುವುದು. ಹಾಗೆ ಮಾಡಿದಲ್ಲಿ ಸಂದೇಹವು ಬಹಳ ಕುಗ್ಗುತ್ತದೆ. ಆದರೂ ಮೂಲ ತ್ರಿಕೋಣದಲ್ಲಿದ್ದ ತಪ್ಪಿಗಿಂತ ಕೆಳಗೆ ಇಳಿಯಲಾರದು. ಕಲ್ಲೇ ಇಲ್ಲವಾದ ಗುಡ್ಡಗಳಲ್ಲಿ, ಕಡತದ ಅಂಕೆಯು ಹುಡುಕುವವನನ್ನು ಹತ್ತು ಹದಿನೈದು ಮೀಟರಿನ ಒಂದು ವೃತ್ತದೊಳಕ್ಕೆ ತಂದು ನಿಲ್ಲಿಸುವುದಷ್ಟೆ.