ಮತದ ಹಕ್ಕು, ಮನೆಯ ಯಜಮಾನಿಕೆ: ಜರ್ಮನ್ ಮಹಿಳೆಯರ ಕಾನೂನು ಸ್ಥಾನಮಾನದ ಚರಿತ್ರೆ

ಜರ್ಮನಿಯಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1918ರ ನವೆಂಬರಿನಲ್ಲಿ. ಸಂಸಾರದ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದರೆ ಮಾತ್ರ ವಿವಾಹಿತ ಮಹಿಳೆ ಉದ್ಯೋಗಕ್ಕೆ ಹೋಗಬಹುದೆಂಬ ನಿಬಂಧನೆ ಪಶ್ಚಿಮ ಜರ್ಮನಿಯ ಕಾನೂನಿನಿಂದ ಕಳಚಿಹೋದದ್ದು 1977ರ ಜುಲೈನಲ್ಲಿ. ಪ್ರಜೆಯಾಗಿ ಸಮಾನತೆ ಪಡೆದವಳು ಪತ್ನಿಯಾಗಿ ಅದನ್ನು ಪಡೆಯಲು ಸುಮಾರು ಆರು ದಶಕ ಕಾಯಬೇಕಾಯಿತು. ಈ ವಿಳಂಬಕ್ಕೆ ಕಾರಣಗಳನ್ನು ಶಾಸನಸಭೆಗಳ ಚರಿತ್ರೆಗಿಂತ ಹೆಚ್ಚಾಗಿ ವಿವಾಹ ಕಾನೂನಿನ ಚರಿತ್ರೆಯಲ್ಲಿ ಹುಡುಕಬೇಕೆಂಬುದು ಈ ಲೇಖನದ ವಾದ.

ಸಂಹಿತೆಗಳಲ್ಲಿ ಪತ್ನಿ

ಪ್ರಶ್ಯಾ ರಾಜ್ಯವು 1794ರಲ್ಲಿ ಜಾರಿಗೆ ತಂದ ಸಾಮಾನ್ಯ ಕಾನೂನು ಸಂಹಿತೆ ಗಂಡನನ್ನು ದಾಂಪತ್ಯದ ಯಜಮಾನನೆಂದು ಘೋಷಿಸಿತು. ಆರೋಗ್ಯವಂತಳಾದ ತಾಯಿ ತನ್ನ ಮಗುವಿಗೆ ತಾನೇ ಹಾಲೂಡಿಸಬೇಕೆಂದು ವಿಧಿಸಿದ ಈ ಸಂಹಿತೆ, ಎಷ್ಟು ಕಾಲ ಹಾಲೂಡಿಸಬೇಕೆಂಬುದನ್ನು ನಿರ್ಧರಿಸುವ ಅಧಿಕಾರವನ್ನು ತಂದೆಗೆ ಬಿಟ್ಟಿತ್ತೆಂಬುದು ಆ ಯಜಮಾನಿಕೆಯ ವ್ಯಾಪ್ತಿ ಎಷ್ಟಿತ್ತೆಂಬುದಕ್ಕೆ ಸಾಕ್ಷಿ.

1871ರಲ್ಲಿ ಜರ್ಮನ್ ರಾಜ್ಯಗಳು ಒಂದೇ ಸಾಮ್ರಾಜ್ಯವಾಗಿ ಒಗ್ಗೂಡಿದ ಬಳಿಕ, ಇಡೀ ದೇಶಕ್ಕೆ ಅನ್ವಯಿಸುವ ನಾಗರಿಕ ಸಂಹಿತೆ, ಅಂದರೆ ಆಸ್ತಿ, ಕರಾರು, ಕುಟುಂಬ ಮತ್ತು ಉತ್ತರಾಧಿಕಾರಗಳನ್ನು ನಿಯಂತ್ರಿಸುವ ಏಕೀಕೃತ ಕಾನೂನು, 1896ರಲ್ಲಿ ಅಂಗೀಕಾರಗೊಂಡು 1900ರ ಜನವರಿ 1ರಿಂದ ಜಾರಿಗೆ ಬಂದಿತು. ಇದು ವಿವಾಹಿತ ಮಹಿಳೆಗೆ ಸ್ವತಂತ್ರವಾಗಿ ಕರಾರು ಮಾಡಿಕೊಳ್ಳುವ ಅರ್ಹತೆಯನ್ನು ನೀಡಿತಾದರೂ, 1354ನೆಯ ಕಲಮು ದಾಂಪತ್ಯದ ಎಲ್ಲ ವಿಷಯಗಳಲ್ಲಿ ತೀರ್ಮಾನದ ಅಧಿಕಾರವನ್ನು ಗಂಡನಿಗೆ ಒಪ್ಪಿಸಿತು, 1363ನೆಯ ಕಲಮು ಹೆಂಡತಿ ತಂದ ಆಸ್ತಿಯ ಆಡಳಿತವನ್ನೂ ಅದರ ಉತ್ಪನ್ನವನ್ನು ಅನುಭವಿಸುವ ಹಕ್ಕನ್ನೂ ಅವನಿಗೇ ಕೊಟ್ಟಿತು. ಸ್ವಂತ ದುಡಿಮೆಯ ಗಳಿಕೆ ಮಾತ್ರ ಹೆಂಡತಿಗೇ ಸೇರಿತ್ತು. ಆದರೆ ಆ ದುಡಿಮೆ ದಾಂಪತ್ಯದ ಹಿತಕ್ಕೆ ಧಕ್ಕೆ ತರುತ್ತದೆಂದು ಗಂಡನು ಪೋಷಕತ್ವ ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ, ಹೆಂಡತಿಯ ಉದ್ಯೋಗದ ಕರಾರನ್ನು ತಾನೇ ರದ್ದುಪಡಿಸಲು 1358ನೆಯ ಕಲಮು ದಾರಿ ಮಾಡಿಕೊಟ್ಟಿತ್ತು. ಹೀಗೆ ಸಂಬಳ ಅವಳದಾಗಿ, ಕೆಲಸಕ್ಕೆ ಹೋಗಬೇಕೋ ಬಿಡಬೇಕೋ ಎಂಬ ಮಾತು ಅವನದಾಯಿತು. ಮಹಿಳಾ ಸಂಘಟನೆಗಳು ಸಹಿ ಸಂಗ್ರಹಿಸಿ ಈ ಕರಡನ್ನು ವಿರೋಧಿಸಿದರೂ ಮೂಲ ಚೌಕಟ್ಟು ಬದಲಾಗಲಿಲ್ಲ.

ಸಂಘಟನೆಯಿಂದ ಮತದಾನದವರೆಗೆ

ವಿರೋಧಕ್ಕೆ ಬಲ ಬಾರದಿದ್ದುದಕ್ಕೆ ಇನ್ನೊಂದು ಕಾನೂನೂ ಕಾರಣವಾಗಿತ್ತು. 1848ರ ಕ್ರಾಂತಿಯ ಸೋಲಿನ ನಂತರ, 1850ರಲ್ಲಿ ಪ್ರಶ್ಯಾ ಹೊರಡಿಸಿದ ಸಂಘ ಕಾನೂನು ಮಹಿಳೆಯರು ರಾಜಕೀಯ ಸಂಘಗಳನ್ನು ಸೇರುವುದನ್ನು ನಿಷೇಧಿಸಿತು. ಅದೇ ವರ್ಷ ಸ್ಯಾಕ್ಸನಿಯ ಪತ್ರಿಕಾ ಕಾನೂನು ಸಂಪಾದಕತ್ವವನ್ನು ಪುರುಷರಿಗೆ ಸೀಮಿತಗೊಳಿಸಿದ್ದರಿಂದ, ಲೂಯಿಸ್ ಓಟೋ 1849ರಲ್ಲಿ ಆರಂಭಿಸಿದ್ದ ಮಹಿಳಾ ಪತ್ರಿಕೆಗೆ ಅಲ್ಲಿ ನೆಲೆ ತಪ್ಪಿತು. ಆಕೆ ಮುಂದೆ 1865ರಲ್ಲಿ ಲೈಪ್‌ಜಿಗ್ ನಗರದಲ್ಲಿ ಸ್ಥಾಪಿಸಿದ ಅಖಿಲ ಜರ್ಮನ್ ಮಹಿಳಾ ಸಂಘವು ಶಿಕ್ಷಣ ಮತ್ತು ಉದ್ಯೋಗದ ಬೇಡಿಕೆಗಳನ್ನು ಮುಂದಿಟ್ಟಿತು. ಬಾಡೆನ್ ರಾಜ್ಯವು 1900ರಲ್ಲಿ ಮಹಿಳೆಯರಿಗೆ ವಿಶ್ವವಿದ್ಯಾಲಯಗಳ ಪೂರ್ಣ ಪ್ರವೇಶ ನೀಡಿತು. ಪ್ರಶ್ಯಾದಲ್ಲಿ ಅದು 1908ರವರೆಗೆ ತಡವಾಯಿತು. ಸಂಘಗಳ ಮೇಲಿನ ನಿಷೇಧವೂ ಬಿದ್ದುಹೋದದ್ದು 1908ರಲ್ಲೇ. ಮತಾಧಿಕಾರಕ್ಕಾಗಿ ಅನಿಟಾ ಔಗ್ಸ್‌ಪುರ್ಗ್ ಮತ್ತು ಸಂಗಾತಿಗಳು ಹ್ಯಾಂಬರ್ಗ್‌ನಲ್ಲಿಯೂ, ದುಡಿಯುವ ವರ್ಗದ ಮಹಿಳೆಯರ ನಡುವೆ ಕ್ಲಾರಾ ಜೆಟ್ಕಿನ್ ತಮ್ಮ ಪತ್ರಿಕೆಯ ಮೂಲಕವೂ ಹೋರಾಡಿದರು.

ಮೊದಲ ಮಹಾಯುದ್ಧದ ಸೋಲಿನಲ್ಲಿ ಸಾಮ್ರಾಜ್ಯ ಕುಸಿದಾಗ, 1918ರ ನವೆಂಬರ್ 12ರಂದು ಕ್ರಾಂತಿಕಾರಿ ಸರ್ಕಾರವು ಇಪ್ಪತ್ತು ವರ್ಷ ತುಂಬಿದ ಎಲ್ಲ ಸ್ತ್ರೀ ಪುರುಷರಿಗೂ ಮತದಾನದ ಹಕ್ಕನ್ನು ಘೋಷಿಸಿತು. 1919ರ ಜನವರಿ 19ರ ಚುನಾವಣೆಯಲ್ಲಿ 37 ಮಹಿಳೆಯರು ರಾಷ್ಟ್ರೀಯ ಸಭೆಗೆ ಆಯ್ಕೆಯಾದರು; ಅವರಲ್ಲಿ ಮರೀ ಯುಖಾಜ್ ಫೆಬ್ರವರಿ 19ರಂದು ಜರ್ಮನ್ ಸಂಸತ್ತಿನಲ್ಲಿ ಮಾತನಾಡಿದ ಮೊದಲ ಮಹಿಳೆಯಾದರು. ಆ ಸಭೆ ರೂಪಿಸಿದ ವೈಮರ್ ಸಂವಿಧಾನವು ಸ್ತ್ರೀ ಪುರುಷರಿಗೆ ‘ತಾತ್ವಿಕವಾಗಿ’ ಸಮಾನವಾದ ನಾಗರಿಕ ಹಕ್ಕುಗಳಿವೆಯೆಂದಿತು, ವಿವಾಹವು ಸಮಾನತೆಯನ್ನು ಆಧರಿಸಿದೆಯೆಂದೂ ಹೇಳಿತು. ಆದರೆ 1900ರ ಸಂಹಿತೆಯ ಕಲಮುಗಳು ಹಾಗೆಯೇ ಉಳಿದುಕೊಂಡವು.

ನಾಜಿ ಆಡಳಿತಕ್ಕೆ ಈ ಕಲಮುಗಳು ಅಡ್ಡಿಯಾಗಲಿಲ್ಲ. 1933ರಲ್ಲಿ ಜಾರಿಗೆ ಬಂದ ವಿವಾಹ ಸಾಲ ಯೋಜನೆಯು ವಧು ಕೆಲಸ ಬಿಡಬೇಕೆಂಬ ಷರತ್ತಿನ ಮೇಲೆ 1,000 ರೈಖ್ಸ್‌ಮಾರ್ಕ್‌ವರೆಗಿನ ಬಡ್ಡಿರಹಿತ ಸಾಲವನ್ನು ಗಂಡನ ಕೈಗೆ ಕೊಟ್ಟು, ಹುಟ್ಟಿದ ಪ್ರತಿ ಮಗುವಿಗೂ ಕಾಲು ಭಾಗವನ್ನು ಮನ್ನಾ ಮಾಡುತ್ತಿತ್ತು. 1922ರಿಂದಷ್ಟೇ ತೆರೆದಿದ್ದ ನ್ಯಾಯಾಧೀಶ ಮತ್ತು ವಕೀಲ ವೃತ್ತಿಗಳ ಬಾಗಿಲು ಮಹಿಳೆಯರಿಗೆ 1936ರಲ್ಲಿ ಮತ್ತೆ ಮುಚ್ಚಿತು. ಮಾತೃತ್ವದ ಈ ವೈಭವೀಕರಣ ‘ಜನಾಂಗ ಶುದ್ಧಿ’ಯ ಮಾನದಂಡಕ್ಕೆ ಹೊಂದುವವರಿಗೆ ಮಾತ್ರ ಮೀಸಲಾಗಿತ್ತು; ಯಹೂದಿ ಮಹಿಳೆಯರು ಕಿರುಕುಳ ಮತ್ತು ನರಮೇಧಕ್ಕೂ, ‘ಆನುವಂಶಿಕ ರೋಗಿ’ಗಳೆಂದು ಗುರುತಿಸಲ್ಪಟ್ಟವರು ಬಲವಂತದ ಸಂತಾನಹರಣಕ್ಕೂ ಗುರಿಯಾದರು.

ಎರಡು ರಾಜ್ಯಗಳು, ಎರಡು ದಾರಿಗಳು

ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಇಬ್ಭಾಗವಾದಾಗ, ಪಶ್ಚಿಮ ಜರ್ಮನಿಯ ಸಂವಿಧಾನವನ್ನು ರಚಿಸಿದ ಸಂಸದೀಯ ಪರಿಷತ್ತಿನ 65 ಸದಸ್ಯರಲ್ಲಿ ಮಹಿಳೆಯರು ನಾಲ್ವರು. ಅವರಲ್ಲೊಬ್ಬರಾದ ಕಾಸೆಲ್ ನಗರದ ವಕೀಲೆ ಎಲಿಜಬೆತ್ ಜೆಲ್ಬರ್ಟ್, ವೈಮರ್ ಮಾದರಿಯ ಅಳೆದು ತೂಗಿದ ಮಾತಿನ ಬದಲು ‘ಪುರುಷರೂ ಮಹಿಳೆಯರೂ ಸಮಾನ ಹಕ್ಕುಳ್ಳವರು’ ಎಂಬ ನೇರ ವಾಕ್ಯವನ್ನು ಸೂಚಿಸಿದರು. ಇದರಿಂದ ಇಡೀ ಕುಟುಂಬ ಕಾನೂನೇ ಅಸಿಂಧುವಾಗುವುದೆಂಬ ಆತಂಕದಿಂದ 1948ರ ಡಿಸೆಂಬರಿನಲ್ಲಿ ಸೂಚನೆ ತಿರಸ್ಕೃತವಾಯಿತು. ಜೆಲ್ಬರ್ಟ್ ಊರೂರು ತಿರುಗಿ ಮಹಿಳಾ ಸಂಘಗಳನ್ನು ಎಚ್ಚರಿಸಿದ ಮೇಲೆ ಪ್ರತಿಭಟನಾ ಪತ್ರಗಳು ಪರಿಷತ್ತಿಗೆ ಹರಿದುಬಂದು, 1949ರ ಜನವರಿ 18ರಂದು ಪ್ರಧಾನ ಸಮಿತಿ ಅದೇ ವಾಕ್ಯವನ್ನು ಒಪ್ಪಿಕೊಂಡಿತು. ಅದರ ಜೊತೆಗೇ, ವಿರುದ್ಧವಾದ ಹಳೆಯ ಕಾನೂನುಗಳು 1953ರ ಮಾರ್ಚ್ 31ರವರೆಗೆ ಮಾತ್ರ ಬಾಳಬಹುದೆಂಬ ಗಡುವನ್ನೂ 117ನೆಯ ವಿಧಿ ನಿಗದಿಪಡಿಸಿತು.

ಸಂಸತ್ತು ಈ ಗಡುವನ್ನು ಪಾಲಿಸಲಿಲ್ಲ. ಹೊಸ ಕಾನೂನು ಜಾರಿಗೆ ಬಂದ 1958ರ ಜುಲೈ 1ರವರೆಗೆ ನ್ಯಾಯಾಲಯಗಳು ಸಂವಿಧಾನದ ಆ ಒಂದು ವಾಕ್ಯವನ್ನೇ ಮುಂದಿಟ್ಟುಕೊಂಡು ಕುಟುಂಬ ವ್ಯಾಜ್ಯಗಳನ್ನು ತೀರ್ಮಾನಿಸಬೇಕಾಯಿತು. ಹೊಸ ಕಾನೂನು ಗಂಡನ ತೀರ್ಮಾನಾಧಿಕಾರವನ್ನು ತೆಗೆದುಹಾಕಿದರೂ, ಮಕ್ಕಳ ವಿಷಯದಲ್ಲಿ ತಂದೆತಾಯಿಯರ ನಡುವೆ ಒಮ್ಮತವಾಗದಿದ್ದರೆ ತಂದೆಯ ಮಾತೇ ಅಂತಿಮವೆಂದು ಉಳಿಸಿಕೊಂಡಿತ್ತು. ಒಕ್ಕೂಟ ಸಾಂವಿಧಾನಿಕ ನ್ಯಾಯಾಲಯ 1959ರ ಜುಲೈ 29ರಂದು ಅದನ್ನು ಅಸಿಂಧುಗೊಳಿಸಿತು. ಮನೆವಾರ್ತೆ ಹೆಂಡತಿಯ ಹೊಣೆಯೆಂಬ ನಿಬಂಧನೆ ಹೋಗಿ ದಂಪತಿ ಪರಸ್ಪರ ಒಪ್ಪಂದದಿಂದ ಅದನ್ನು ಹಂಚಿಕೊಳ್ಳಬೇಕೆಂಬ ನಿಯಮ ಬಂದದ್ದು, ಮತ್ತು ವಿಚ್ಛೇದನಕ್ಕೆ ಒಬ್ಬರ ತಪ್ಪನ್ನು ಸಾಬೀತುಪಡಿಸುವ ಅಗತ್ಯ ಇಲ್ಲವಾದದ್ದು 1977ರ ಸುಧಾರಣೆಯಲ್ಲಿ.

ಪೂರ್ವ ಜರ್ಮನಿಯ 1949ರ ಸಂವಿಧಾನವಾದರೋ ಸಮಾನತೆಗೆ ಅಡ್ಡಿಯಾದ ಎಲ್ಲ ಕಾನೂನುಗಳನ್ನು ಯಾವ ಗಡುವೂ ಇಲ್ಲದೆ ಒಮ್ಮೆಗೇ ರದ್ದುಪಡಿಸಿತು. ಶಿಶುವಿಹಾರಗಳ ವಿಸ್ತರಣೆಯಿಂದ ಬಹುಪಾಲು ಮಹಿಳೆಯರು ಉದ್ಯೋಗಸ್ಥರಾದರು, 1972ರಲ್ಲಿ ಗರ್ಭಧಾರಣೆಯ ಮೊದಲ ಹನ್ನೆರಡು ವಾರಗಳ ಒಳಗೆ ಗರ್ಭಪಾತದ ಹಕ್ಕೂ ದೊರೆಯಿತು. ಆದರೂ ಉದ್ಯೋಗಸ್ಥ ವಿವಾಹಿತೆಯರಿಗೆ ಮನೆಗೆಲಸಕ್ಕೆಂದೇ ತಿಂಗಳಿಗೊಂದು ದಿನದ ಸಂಬಳ ಸಹಿತ ರಜೆ ನೀಡಿದ ವ್ಯವಸ್ಥೆ, ಮನೆಗೆಲಸ ಯಾರದೆಂಬ ಹಳೆಯ ನಂಬಿಕೆಯನ್ನು ಪ್ರಶ್ನಿಸದೆ ಮುಂದುವರಿಸಿತು.

1990ರಲ್ಲಿ ಎರಡೂ ರಾಜ್ಯಗಳು ಒಂದಾದ ಬಳಿಕ, ಸಮಾನತೆಯನ್ನು ವಾಸ್ತವದಲ್ಲಿ ಸಾಧಿಸುವುದು ಪ್ರಭುತ್ವದ ಹೊಣೆಯೆಂಬ ವಾಕ್ಯ 1994ರಲ್ಲಿ ಸಂವಿಧಾನಕ್ಕೆ ಸೇರಿತು. ದಾಂಪತ್ಯದೊಳಗಿನ ಅತ್ಯಾಚಾರವು 1997ರಲ್ಲಿ ಅತ್ಯಾಚಾರವೆಂದೇ ಶಿಕ್ಷಾರ್ಹವಾಯಿತು. ಹೀಗೆ ಸಂಹಿತೆಯಿಂದ ಗಂಡನ ಯಜಮಾನಿಕೆ ಅಳಿಸಿಹೋಗಿದ್ದರೂ, ದಂಪತಿಯ ಆದಾಯವನ್ನು ಕೂಡಿಸಿ ಸಮಭಾಗ ಮಾಡಿ ತೆರಿಗೆ ಲೆಕ್ಕ ಹಾಕುವ 1958ರ ಪದ್ಧತಿ ಇಂದಿಗೂ ಜಾರಿಯಲ್ಲಿದೆ. ಇಬ್ಬರಲ್ಲಿ ಒಬ್ಬರೇ ದುಡಿದಾಗ ಹೆಚ್ಚಿನ ಲಾಭ ಕೊಡುವ ಈ ಪದ್ಧತಿ, ಕಡಿಮೆ ಗಳಿಸುವವರು, ಅಂದರೆ ಸಾಮಾನ್ಯವಾಗಿ ಹೆಂಡತಿ, ಪೂರ್ಣಾವಧಿ ಉದ್ಯೋಗದಿಂದ ಹಿಂದೆ ಸರಿಯುವುದನ್ನು ಲಾಭದಾಯಕವಾಗಿಸುತ್ತದೆ. 1358ನೆಯ ಕಲಮು ನ್ಯಾಯಾಲಯದ ಮೂಲಕ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ತೆರಿಗೆ ವ್ಯವಸ್ಥೆ ಯಾರ ಒತ್ತಾಯವೂ ಇಲ್ಲದೆ ಮಾಡಬಲ್ಲದಾದ್ದರಿಂದ, ಜರ್ಮನ್ ಮಹಿಳೆಯರ ಸ್ಥಾನಮಾನದ ಮುಂದಿನ ಅಧ್ಯಯನವು ಕುಟುಂಬ ಕಾನೂನಿನ ಜೊತೆಗೆ ತೆರಿಗೆ ಮತ್ತು ಪಿಂಚಣಿ ಕಾನೂನುಗಳನ್ನೂ ಒಳಗೊಳ್ಳಬೇಕಾಗುತ್ತದೆ.