ಹುಳುಕಿನ ಮೊದಲ ಗುರುತು: ಎಕ್ಸ್‌ರೇಯಿಂದ ಅವಕೆಂಪು ಬೆಳಕಿನವರೆಗೆ

ಹಲ್ಲಿನಲ್ಲಿ ಕಪ್ಪು ಕುಳಿ ಕಂಡ ಮೇಲೆ ಹುಳುಕು ಹಿಡಿಯಿತು ಎನ್ನುತ್ತೇವೆ. ಅಷ್ಟು ಹೊತ್ತಿಗೆ ಅದು ಶುರುವಾಗಿ ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಉಗುಳುವ ಆಮ್ಲ ಎನಾಮೆಲ್‌ನ ಖನಿಜವನ್ನು ಕರಗಿಸುವಾಗ ಮೇಲ್ಪದರ ಬಹುಕಾಲ ಗಟ್ಟಿಯಾಗಿಯೇ ಇರುತ್ತದೆ. ಆಗಲೇ ಗೊತ್ತಾದರೆ ಕೊರೆಯುವ ಅಗತ್ಯವಿಲ್ಲ. ಫ್ಲೋರೈಡ್ ಹಚ್ಚಿ, ಸಿಹಿ ಕಡಿಮೆ ಮಾಡಿ, ಚೆನ್ನಾಗಿ ಉಜ್ಜಿದರೆ ಹುಳುಕು ಅಲ್ಲಿಗೇ ನಿಲ್ಲಬಹುದು.

1925ರಲ್ಲಿ ಅಮೆರಿಕದ ಹೋವರ್ಡ್ ರೇಪರ್ ಬಳಕೆಗೆ ತಂದ, ಕಚ್ಚಿ ಹಿಡಿಯುವ ಎಕ್ಸ್‌ರೇ ಫಿಲ್ಮ್ ಹಲ್ಲುಗಳ ಸಂದಿಯ ಹುಳುಕನ್ನು ತೋರಿಸಿತು. ಆದರೆ ಸಾಕಷ್ಟು ಖನಿಜ ಕರಗುವವರೆಗೂ ಎಕ್ಸ್‌ರೇಗೆ ಏನೂ ಕಾಣದು. 1970ರಲ್ಲಿ ಫ್ರೀಡ್‌ಮನ್ ಮತ್ತು ಮಾರ್ಕಸ್ ಫೈಬರ್ ಮೂಲಕ ಹಲ್ಲಿಗೆ ಬೆಳಕು ಹಾಯಿಸುವ ವಿಧಾನವನ್ನು ಮುಂದಿಟ್ಟರು.

ಬೆಳಕು ಹುಳುಕನ್ನು ತೋರಿಸುವುದರ ಹಿಂದಿರುವುದು ಸರಳ ಭೌತಶಾಸ್ತ್ರ. ಎನಾಮೆಲ್‌ನ ವಕ್ರೀಭವನಾಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ಖನಿಜ ಕರಗಿದ ಸೂಕ್ಷ್ಮ ರಂಧ್ರಗಳಲ್ಲಿ ಎಂಜಲಿನ ನೀರು ತುಂಬಿದ್ದಾಗ ಬೆಳಕು ಹೆಚ್ಚು ಚದುರುವುದಿಲ್ಲ. ಐದು ಸೆಕೆಂಡು ಗಾಳಿಯೂದಿ ಒಣಗಿಸಿದರೆ ಗಾಳಿ ಒಳಸೇರಿ, ಬೆಳಕು ಚದುರಿ, ಸುಣ್ಣದಂಥ ಬಿಳಿ ಮಚ್ಚೆ ಮೇಲೇಳುತ್ತದೆ. ಒದ್ದೆಯಲ್ಲೇ ಕಂಡರೆ ಹುಳುಕು ಇನ್ನಷ್ಟು ಆಳಕ್ಕಿಳಿದಿದೆ ಎಂದರ್ಥ.

1980ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಹಲ್ಲಿನ ಮೇಲೆ ಆರ್ಗಾನ್ ಲೇಸರ್ ಹಾಯಿಸಿದರು. ಆರೋಗ್ಯವಂತ ಎನಾಮೆಲ್ ಹೊಳೆದರೆ, ಹುಳುಕಿನ ಜಾಗ ಮಬ್ಬಾಯಿತು. 1998ರಲ್ಲಿ ಜರ್ಮನಿಯ ಹಿಬ್ಸ್ಟ್ ಮತ್ತು ಗಾಲ್ ವಿವರಿಸಿದ ವಿಧಾನ 655 ನ್ಯಾನೊಮೀಟರ್‌ನ ಕೆಂಪು ಬೆಳಕಿಗೆ ಬ್ಯಾಕ್ಟೀರಿಯಾದ ಪಾರ್ಫಿರಿನ್ ಎಂಬ ವಸ್ತುಗಳು ಸೂಸುವ ಹೊಳಪನ್ನು ಅಳೆಯುತ್ತದೆ. ಆದರೆ ಕಲೆ, ಕಿಟ್ಟವೂ ಹೊಳೆದು ಲೆಕ್ಕ ತಪ್ಪಿಸುತ್ತವೆ.

ಈ ತೊಡಕಿಗೆ ಉತ್ತರ ಸಿಕ್ಕಿದ್ದು ಅವಕೆಂಪು ಬೆಳಕಿನಲ್ಲಿ. ತರಂಗಾಂತರ ಹೆಚ್ಚಿದಂತೆ ಎನಾಮೆಲ್‌ನಲ್ಲಿ ಚದುರುವಿಕೆ ಕಡಿಮೆ. 1310 ನ್ಯಾನೊಮೀಟರ್ ಹತ್ತಿರ ಎನಾಮೆಲ್ ಬಹುಮಟ್ಟಿಗೆ ಪಾರದರ್ಶಕ, ಕಲೆಯೂ ಅಡ್ಡ ಬರುವುದಿಲ್ಲ. ಡೇನಿಯಲ್ ಫ್ರೀಡ್ ಅವರ ಸ್ಯಾನ್‌ಫ್ರಾನ್ಸಿಸ್ಕೊ ತಂಡ 2003ರ ಸುಮಾರಿಗೆ ಇದನ್ನು ತೋರಿಸಿತು. 1991ರಲ್ಲಿ ಕಣ್ಣಿನ ಪರೀಕ್ಷೆಯಿಂದ ಹೆಸರಾದ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ (ಓಸಿಟಿ) 1998ರ ಹೊತ್ತಿಗೆ ಹಲ್ಲಿನ ಒಳಪದರಗಳ ಚಿತ್ರ ಕೊಟ್ಟಿತು. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ವಿವರಿಸಿದ ಬೆಳಕಿನ ಚದುರುವಿಕೆಯ ಪರಿಣಾಮವೂ ಈ ಪರಂಪರೆಗೆ ಸೇರಿತು: ಎನಾಮೆಲ್‌ನ ಫಾಸ್ಫೇಟ್ ಗುರುತಿನಲ್ಲಾಗುವ ಬದಲಾವಣೆಯಿಂದ ಖನಿಜ ನಷ್ಟವನ್ನು ಓದಬಹುದು.

ಯಂತ್ರಗಳು ತೋರಿಸುವುದು ಬೆಳಕಿನ ವ್ಯತ್ಯಾಸವನ್ನು; ಕಾರಣ ಹೇಳಬೇಕಾದವರು ವೈದ್ಯರು. ಪಾವಗಡದಂಥ ಕಡೆ ನೀರಿನ ಅತಿಯಾದ ಫ್ಲೋರೈಡ್‌ನಿಂದಲೂ ಹಲ್ಲಿಗೆ ಬಿಳಿ ಮಚ್ಚೆ ಬರುತ್ತದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯಂಥ ಕಾಡಂಚಿನ ಹೋಬಳಿಗೆ ಇದರಲ್ಲಿ ಏನು ಒದಗೀತು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಬೇಕು. ಹಾಡಿಯ ಮಗುವಿನ ಹಲ್ಲನ್ನು ಹತ್ತಿಯಿಂದ ಒರೆಸಿ, ಒಸಡಿನಂಚಿಗೆ ಟಾರ್ಚ್ ಹಿಡಿದರೆ ಬಿಳಿ ಗೆರೆ ಅಲ್ಲೇ ಸಿಗುತ್ತದೆ. ಅಲ್ಲೇ ಫ್ಲೋರೈಡ್ ವಾರ್ನಿಷ್ ಹಚ್ಚುವ ವ್ಯವಸ್ಥೆಯೂ ಇದ್ದರೆ ಆ ತಪಾಸಣೆಗೆ ಬೆಲೆ. ಅವಕೆಂಪು ಕ್ಯಾಮೆರಾ ಬಂದರೆ ಸಂದಿಯ ಹುಳುಕೂ ಸಿಕ್ಕೀತು. ಹಚ್ಚುವವರಿಲ್ಲದಿದ್ದರೆ ಅದೂ ಬರೀ ಚಿತ್ರ ತೆಗೆಯುತ್ತದೆ.