ಬಿದ್ದುಹೋದ ಬಾಗಿಲನ್ನು ಮತ್ತೆ ಕಟ್ಟಬೇಕೆ? ಬೀದರ್ ಮದರಸಾದ ಕಥೆ

ಬೀದರ್ ನಗರದ ಚೌಬಾರಾ ದಾಟಿ ಕೋಟೆಯ ಕಡೆ ಹೊರಟರೆ ದಾರಿಯಲ್ಲೇ ಮಹಮೂದ್ ಗಾವಾನ್ ಮದರಸಾ ಸಿಗುತ್ತದೆ. ಎತ್ತರದ ಒಂದು ಮಿನಾರು, ಮೂರು ಅಂತಸ್ತಿನ ಗೋಡೆ, ಅದರ ಮೇಲೆ ಅಲ್ಲಲ್ಲಿ ಉಳಿದ ನೀಲಿ ಹೆಂಚು. ಇಷ್ಟು ದೊಡ್ಡ ಕಟ್ಟಡಕ್ಕೆ ಮುಂಬಾಗಿಲೇ ಇಲ್ಲ ಎನ್ನುವುದು ಮೊದಲು ಹೋದವರಿಗೆ ತಕ್ಷಣ ಹೊಳೆಯುವುದಿಲ್ಲ. ಪೂರ್ವಕ್ಕೆ ಇದ್ದ ಹೆಬ್ಬಾಗಿಲು ಬಿದ್ದು ಮುನ್ನೂರು ವರ್ಷ ದಾಟಿದೆ. ಅದರ ಜಗಲಿ ಮತ್ತು ತಳಪಾಯ ಮಾತ್ರ ಉಳಿದಿವೆ.

ಗಾವಾನ್ ಇರಾನಿನ ಗಿಲಾನ್ ಕಡೆಯವನು. ವ್ಯಾಪಾರಕ್ಕೆ ಬಂದು ಬಹಮನಿ ಸುಲ್ತಾನರ ಪ್ರಧಾನಮಂತ್ರಿಯಾದ. 1472ರಲ್ಲಿ ಈ ಮದರಸಾ ಕಟ್ಟಿಸಿದ. ಉದ್ದ 205 ಅಡಿ, ಅಗಲ 180 ಅಡಿ. ಒಳಗೆ ಮಸೀದಿ, ಪಾಠದ ಹಾಲುಗಳು, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು. ಈಗಿನ ಮಾತಿನಲ್ಲಿ ಹೇಳುವುದಾದರೆ ಹಾಸ್ಟೆಲ್ ಇರುವ ಕಾಲೇಜು. ತೇವ ಏರದಂತೆ ತಳಪಾಯದಲ್ಲಿ ಸೀಸದ ತಗಡು ಹಾಸಿದ್ದರಂತೆ. ಇಷ್ಟು ಮುಂದಾಲೋಚನೆಯ ಮನುಷ್ಯನನ್ನು 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ಗಾವಾನನ ಮುದ್ರೆ ಒತ್ತಿದ ನಕಲಿ ಪತ್ರವೊಂದನ್ನು ವೈರಿಗಳು ಅರಮನೆಗೆ ಮುಟ್ಟಿಸಿದ್ದರು.

ಬಾಗಿಲು ಬಿದ್ದದ್ದು ಬಹಳ ಕಾಲದ ನಂತರ. 1657ರಲ್ಲಿ ಔರಂಗಜೇಬ ಬೀದರ್ ಗೆದ್ದ. ಆಗ ಕೋಟೆ ಕೈಬಿಟ್ಟದ್ದೂ ಮದ್ದಿನ ರಾಶಿಗೆ ಕಿಡಿ ತಾಗಿಯೇ. ಆದರೂ ಅದೇ ಮೊಗಲರು ಮದರಸಾದ ಕೋಣೆಗಳಲ್ಲಿ ಸೈನಿಕರನ್ನು ಇರಿಸಿ ಪಕ್ಕದಲ್ಲೇ ಮದ್ದು ತುಂಬಿದರು! 1696ರ ಸುಮಾರಿಗೆ ಅದು ಸ್ಫೋಟಿಸಿತು. ಸಿಡಿಲು ಬಡಿದು ಹಾಗಾಯಿತು ಎನ್ನುತ್ತಾರೆ. ಮುಂಭಾಗದ ಅರ್ಧ, ದಕ್ಷಿಣದ ಮಿನಾರು, ಹೆಬ್ಬಾಗಿಲು ಎಲ್ಲ ಹೋದವು.

'ಸರ್ಕಾರ ಅದನ್ನು ಮತ್ತೆ ಯಾಕೆ ಕಟ್ಟಬಾರದು?' ಎಂದು ನಮ್ಮನ್ನು ಹಲವರು ಕೇಳುತ್ತಾರೆ. ಕಲ್ಲು ಸಿಗುತ್ತದೆ, ಕೆಲಸಗಾರರೂ ಇದ್ದಾರೆ. ಆದರೆ ಬಾಗಿಲು ಹೇಗಿತ್ತು ಎನ್ನುವುದಕ್ಕೆ ಆಧಾರ ಬೇಕು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ ಬೀದರ್ ಸ್ಮಾರಕಗಳ ಮೇಲೆ ಬರೆದ ದೊಡ್ಡ ಪುಸ್ತಕ 1947ರಲ್ಲಿ ಬಂತು. ಅವರಿಗೂ ಸಿಕ್ಕಿದ್ದು ತಳಪಾಯದ ಅಳತೆ: ಬಾಗಿಲ ಮಂಟಪ ಪ್ರತಿ ಬದಿಗೆ 15 ಅಡಿ 6 ಇಂಚು. ಕಮಾನು ಎಷ್ಟು ಎತ್ತರ, ಮೇಲೆ ಯಾವ ಬರಹ, ಹೆಂಚಿಗೆ ಯಾವ ಬಣ್ಣ ಎನ್ನುವುದನ್ನು ತಳಪಾಯ ಹೇಳುವುದಿಲ್ಲ. ಉಳಿದ ಗೋಡೆ ನೋಡಿ ಅಂದಾಜು ಮಾಡಬಹುದು, ಅಷ್ಟೆ. ಅಂದಾಜಿನಲ್ಲಿ ಕಟ್ಟಿದ ಮೇಲೆ ನಮ್ಮ ಮಕ್ಕಳು ಅದನ್ನೇ ಗಾವಾನನ ಬಾಗಿಲು ಎಂದು ನಂಬುತ್ತಾರೆ. 1923ರಲ್ಲಿ ಜಾನ್ ಮಾರ್ಷಲ್ ಪುರಾತತ್ವ ಇಲಾಖೆಗೆ ಬರೆದ ಕೈಪಿಡಿಯ ಸಾರವೂ ಇದೇ: ಇದ್ದದ್ದನ್ನು ಕಾಪಾಡಿ, ಇಲ್ಲದ್ದನ್ನು ಹೊಸದಾಗಿ ಹುಟ್ಟಿಸಬೇಡಿ.

ಹಾಗೆಂದು ಸುಮ್ಮನೆ ಬಿಡಬೇಕು ಎಂದಲ್ಲ. ಹಳೆಯ ಗೋಡೆಗೆ ಗಾರೆಯ ಕೆಲಸವೇ ಆಗಬೇಕು. ನಮ್ಮ ಊರುಗಳಲ್ಲಿ ಹಳೆಯ ಗುಡಿ, ದರ್ಗಾ ಬಿರುಕು ಬಿಟ್ಟರೆ ಮೊದಲು ಬರುವುದು ಸಿಮೆಂಟ್ ಚೀಲ. ಅಲ್ಲೇ ತಪ್ಪುವುದು. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಉಪ್ಪು ಹೊರಬಂದು ಅಕ್ಕಪಕ್ಕದ ಕಲ್ಲು ಪುಡಿಯಾಗುತ್ತದೆ. ಗಾರೆ ನಿಧಾನದ ಕೆಲಸ. ಸುಣ್ಣ ನೆನೆಹಾಕಿ ಮಾಗಿಸಬೇಕು, ಮರಳು ಸೇರಿಸಿ ಗಾಣದಲ್ಲಿ ಅರೆಯಬೇಕು, ಕೆಲವರು ಬೆಲ್ಲದ ನೀರೂ ಬೆರೆಸುತ್ತಾರೆ. ಎತ್ತು ಕಟ್ಟಿ ಗಾರೆ ಗಾಣ ತಿರುಗಿಸಿದ್ದನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಮುಂದಿನ ಸಲ ಬೀದರ್‌ಗೆ ಹೋದಾಗ ಆ ಪೂರ್ವದ ಜಗಲಿಯ ಮೇಲೆ ನಿಂತು ನೋಡಿ. ಉತ್ತರಕ್ಕೆ ಮಿನಾರಿನ ಮೇಲೆ ಅಂಕುಡೊಂಕು ಪಟ್ಟಿಯ ಹೆಂಚು ಇನ್ನೂ ಕಾಣುತ್ತದೆ. ದಕ್ಷಿಣಕ್ಕೆ ತಿರುಗಿದರೆ ಗೋಡೆ ಎಲ್ಲಿ ಹರಿದುಹೋಯಿತು ಎನ್ನುವುದು ಕಾಣುತ್ತದೆ.